ಯಾಕೆ ಆಡುತ್ತೀರಿ ಅಂತ ಮೊದಲು ಕೇಳಿ

ಮಾನ್ಯರೇ,

ಬಾಹ್ಯಾಕಾಶದ ವಿಡಿಯೊ ಗೇಮ್‌ಗಳನ್ನೆಲ್ಲ ಒಂದೇ ಪಟ್ಟಿಗೆ ತುಂಬಿ ‘ಇದು ಇಷ್ಟವಾದರೆ ಅದನ್ನೂ ಆಡಿ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಗ್ರಹದಿಂದ ಗ್ರಹಕ್ಕೆ ಹಾರುತ್ತಾ ಆಡುವ 2016ರ ‘ನೋ ಮ್ಯಾನ್ಸ್ ಸ್ಕೈ’ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ, ಆದರೆ ಕಾರಣ ಬೇರೆ ಬೇರೆ. ನನಗೆ ಹೊಸ ಗ್ರಹದಲ್ಲಿ ಇಳಿದು ಸುಮ್ನೆ ಅಲೆಯಬೇಕು. ನನ್ನಂಥವರಿಗೆ 2019ರ ‘ಔಟರ್ ವೈಲ್ಡ್ಸ್’ ಸರಿ. ಅಲ್ಲಿ ಕಟ್ಟುವುದೇನೂ ಇಲ್ಲ, ತಿಳಿದುಕೊಂಡದ್ದೇ ಸಂಪಾದನೆ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ಮತ್ತೆ ಮೊದಲಿಂದ ಶುರು! ಮಗಳಿಗೆ ಗಣಿಯಿಂದ ಯಂತ್ರಕ್ಕೆ ಅದಿರು ಸಾಗಿಸುವ ಬೆಲ್ಟ್ ಎಳೆಯುವ ಹುಚ್ಚು. ಅವಳಿಗೆ ಕಾರ್ಖಾನೆ ಕಟ್ಟುವ ಗೇಮ್ ‘ಸ್ಯಾಟಿಸ್‌ಫ್ಯಾಕ್ಟರಿ’ಯ ಒಂದೇ ಗ್ರಹ ಸಾಕು. ತಮ್ಮನಿಗೆ ಭಯ ಬೇಕು. ‘ಸಬ್‌ನಾಟಿಕಾ’ದ ಕಡಲಲ್ಲಿ ಆಮ್ಲಜನಕ ಮುಗಿಯುವಾಗ ಅವನ ಮುಖ ನೋಡಬೇಕು. ನಿಮ್ಮ ಪತ್ರಿಕೆ ಗೇಮ್‌ಗಳನ್ನು ಪರಿಚಯಿಸುವಾಗ, ಯಾವುದು ಯಾರಿಗೆ ಅನ್ನುವುದನ್ನೂ ಬರೆಯಬಹುದಲ್ವಾ?

– ಓದುಗ, ದಾವಣಗೆರೆ