ಎನ್‌ಕ್ರಿಪ್ಷನ್ ಆಫ್ ಮಾಡಿ ಡೇಟಾಬೇಸ್ ಅಪ್‌ಗ್ರೇಡ್ ಮುಗಿಯಿತು ಎಂದಿರುವುದರ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಡೇಟಾಬೇಸ್ ನಿರ್ವಹಣೆಯ ಗುತ್ತಿಗೆ ಪಡೆದ ಸಂಸ್ಥೆ

ಇವರಿಂದ,
ಕಂಪ್ಯೂಟರ್ ವಿಭಾಗ, ಕಾಫಿ ಬೆಳೆಗಾರರ ಸಂಘ,
ಗೋಣಿಕೊಪ್ಪ, ಕೊಡಗು

ವಿಷಯ: ಪರ್ಕೋನಾ ಎಕ್ಸ್‌ಟ್ರಾಡಿಬಿ ಕ್ಲಸ್ಟರನ್ನು (ಒಂದೇ ಡೇಟಾವನ್ನು ಹಲವು ಸರ್ವರ್‌ಗಳಲ್ಲಿ ಒಟ್ಟಿಗೆ ಇಡುವ ಡೇಟಾಬೇಸ್ ತಂತ್ರಾಂಶ) 5.7 ಆವೃತ್ತಿಯಿಂದ 8.0ಕ್ಕೆ ಏರಿಸುವಾಗ ಆದ ಲೋಪ

ಮಾನ್ಯರೇ,

ಅಪ್‌ಗ್ರೇಡ್ ಕೆಲಸ ಯಶಸ್ವಿಯಾಗಿ ಮುಗಿದಿದೆ ಎಂದು ನೀವು ಕಳಿಸಿದ ವರದಿಗೆ ನಾವು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ಮೂರು ಸರ್ವರ್‌ಗಳ ನಡುವಿನ ಎನ್‌ಕ್ರಿಪ್ಷನ್ (ಡೇಟಾವನ್ನು ಬೇರೆಯವರು ಓದಲಾಗದಂತೆ ಮಾಡಿ ಕಳಿಸುವುದು) ಆಫ್ ಆಗಿದೆ. ನಿಮ್ಮ ಎಂಜಿನಿಯರ್ ಅದನ್ನು ಆಫ್ ಮಾಡಿ ಹೋದರು. ವರದಿಯಲ್ಲಿ ಆ ಮಾತೇ ಇಲ್ಲ. ಕಾನ್ಫಿಗ್ ಫೈಲ್ ತೆರೆದು ನೋಡಿದಾಗಲೇ ನಮಗೆ ಗೊತ್ತಾಗಿದ್ದು.

ನಡೆದದ್ದು ಹೀಗೆ. 5.7ರಲ್ಲಿ ಸರ್ವರ್‌ಗಳ ನಡುವಿನ ಎನ್‌ಕ್ರಿಪ್ಷನ್ ತಾನಾಗಿ ಆನ್ ಇರುವುದಿಲ್ಲ. 8.0ರಲ್ಲಿ ಮೊದಲಿನಿಂದಲೇ ಆನ್ ಇರುತ್ತದೆ. ಹಾಗಾಗಿ ಎನ್‌ಕ್ರಿಪ್ಷನ್ ಇಲ್ಲದ 5.7 ಕ್ಲಸ್ಟರ್‌ಗೆ 8.0 ಸರ್ವರನ್ನು ಸುಮ್ನೆ ತಂದು ಸೇರಿಸಿದರೆ ಅದು ಸೇರುವುದಿಲ್ಲ. ತಯಾರಕರ ಕೈಪಿಡಿಯ ಅಪ್‌ಗ್ರೇಡ್ ಭಾಗದಲ್ಲೇ ಇದನ್ನು ಎಚ್ಚರಿಸಿದ್ದಾರೆ. ಕೆಲಸ ಶುರು ಮಾಡುವ ಮೊದಲು ಓದಲೇಬೇಕಾದ ಪುಟ ಅದು.

ನಿಮ್ಮವರು ಮೊದಲು ಗೋಣಿಕೊಪ್ಪದ ಸರ್ವರ್ ಏರಿಸಿದರು. ಅದು ಕ್ಲಸ್ಟರ್‌ಗೆ ಸೇರಲಿಲ್ಲ. ಲಾಗ್‌ನ ಕೊನೆಯಲ್ಲಿ 'ಫೇಲ್ಡ್ ಟು ರೀಚ್ ಪ್ರೈಮರಿ ವ್ಯೂ', ಅಂದರೆ ಕ್ಲಸ್ಟರ್ ಗುಂಪನ್ನು ತಲುಪಲಾಗಲಿಲ್ಲ ಎಂದು ಬಂದಿತ್ತು. ಅದನ್ನು ನೋಡಿ, ಕೊಡಗಿನಲ್ಲಿ ಲೈನ್ ಸರಿ ಇಲ್ಲ ಎಂದುಬಿಟ್ಟರು. ಸ್ವಲ್ಪ ಮೇಲೆ ಎಸ್‌ಎಸ್‌ಎಲ್ ಹ್ಯಾಂಡ್‌ಶೇಕ್ (ಎನ್‌ಕ್ರಿಪ್ಟ್ ಆದ ಸಂಪರ್ಕ ಶುರು ಮಾಡುವ ಹೆಜ್ಜೆ) ವಿಫಲ ಎಂಬ ಸಾಲು ಇತ್ತು. ಅದನ್ನು ತೋರಿಸಿದರೂ ಕೇಳಲಿಲ್ಲ. ಫೈರ್‌ವಾಲ್ ಪೂರ್ತಿ ತೆರೆದರು. ಕುಶಾಲನಗರದ ಸರ್ವರನ್ನೂ ಏರಿಸಿದರು. ಅದೂ ಹೊರಗೇ ಉಳಿಯಿತು. ಕೊನೆಗೆ ಮಡಿಕೇರಿಯದನ್ನೂ ನಿಲ್ಲಿಸಿ ಏರಿಸಿದರು.

ಮೂರೂ 8.0 ಆದ ಮೇಲೂ ಒಂದಕ್ಕೊಂದು ಸೇರಲಿಲ್ಲ. ಪ್ರತಿ ಸರ್ವರ್ ಮೊದಲ ಬಾರಿ ಎದ್ದಾಗ ತನ್ನದೇ ಸಿಎ (ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಅಧಿಕಾರ), ತನ್ನದೇ ಸರ್ಟಿಫಿಕೇಟ್ (ಸರ್ವರ್‌ನ ಗುರುತಿನ ಚೀಟಿ) ಮಾಡಿಕೊಂಡು ಡೇಟಾ ಫೋಲ್ಡರ್‌ನಲ್ಲಿ ಇಟ್ಟಿತ್ತು. ಮೂರು ಕಡೆಯೂ ಫೈಲ್‌ಗಳ ಹೆಸರು ಒಂದೇ, ಒಳಗಿನ ಸಹಿ ಮಾತ್ರ ಬೇರೆ ಬೇರೆ. ಒಂದರ ಸಹಿಯನ್ನು ಇನ್ನೊಂದು ನಂಬುವುದಾದರೂ ಹೇಗೆ? ಒಂದು ಸರ್ವರ್‌ನ ಸಿಎ ಫೈಲ್, ಸರ್ಟಿಫಿಕೇಟ್ ಮತ್ತು ಕೀಯನ್ನು ಉಳಿದ ಎರಡಕ್ಕೂ ಹಾಕಿದ್ದರೆ ಅಲ್ಲೇ ಬಗೆಹರಿಯುತ್ತಿತ್ತು. ಅದನ್ನು ಬಿಟ್ಟು ಮೂರರಲ್ಲೂ ಎನ್‌ಕ್ರಿಪ್ಷನ್ ಆಫ್ ಮಾಡಿದರು.

ಇದೆಲ್ಲ ಆಗಿದ್ದು ರೊಬಸ್ಟಾ ಬರುವ ಹೊತ್ತಿನಲ್ಲಿ. ಬಾಳೆಲೆ, ಶ್ರೀಮಂಗಲ, ತಿತಿಮತಿ ಕಡೆಯಿಂದ ಚೆರಿ ಕಾಫಿ ತುಂಬಿದ ಪಿಕಪ್‌ಗಳು ನಮ್ಮ ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ತೂಕ ಆಗುತ್ತಿತ್ತು, ತೇವಾಂಶ ನೋಡಲೂ ಆಗುತ್ತಿತ್ತು. ಆದರೆ ಬೆಳೆಗಾರರ ಖಾತೆ ತೆರೆಯುತ್ತಿರಲಿಲ್ಲ. ಹಿಂದಿನ ಬಾಕಿ, ಮುಂಗಡ ಯಾವುದೂ ಕಾಣದೆ ಚೀಟಿಯನ್ನು ಕೈಯಲ್ಲೇ ಬರೆದು ಕೊಟ್ಟೆವು. ಕತ್ತಲಾದರೆ ತಿತಿಮತಿ ರಸ್ತೆಯಲ್ಲಿ ಆನೆ ಭಯ. ಲೆಕ್ಕ ಆಮೇಲೆ ನೋಡೋಣ ಎಂದು ಎಷ್ಟೋ ಜನ ದುಡ್ಡು ಇಲ್ಲದೆ ವಾಪಸ್ ಹೋದರು. ಮಾರನೇ ದಿನ ಆಳುಗಳಿಗೆ ಕೂಲಿ ಕೊಡಬೇಕಾದವರು ಅವರು.

ಮೊದಲೂ ಎನ್‌ಕ್ರಿಪ್ಷನ್ ಇರಲಿಲ್ಲ ಅಲ್ವಾ ಎಂದು ನಿಮ್ಮವರು ಫೋನಿನಲ್ಲಿ ಕೇಳಿದರು. ಹೌದು, ಇರಲಿಲ್ಲ. ಅದು ಬೇಕೆಂದೇ ಈ ಕೆಲಸ ಕೊಟ್ಟದ್ದು, ಗುತ್ತಿಗೆಯಲ್ಲಿ ಬರೆದೂ ಇದೆ. 5.7ಕ್ಕೆ 2023ರ ಅಕ್ಟೋಬರ್‌ನಲ್ಲೇ ಬೆಂಬಲ ಮುಗಿದದ್ದು ಇನ್ನೊಂದು ಕಾರಣ. ನಮ್ಮ ಸರ್ವರ್‌ಗಳು ಮಾತಾಡುವುದು ಸಾಮಾನ್ಯ ಬ್ರಾಡ್‌ಬ್ಯಾಂಡ್ ಮೇಲೆ. ಆ ಲೈನಿನಲ್ಲಿ ಬೆಳೆಗಾರರ ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಎಲ್ಲವೂ ಹೋಗುತ್ತದೆ. ಹಿಂದೆ ಬಿದ್ದ ಸರ್ವರ್ ಮತ್ತೆ ಸೇರುವಾಗ 4444 ಪೋರ್ಟ್‌ನಲ್ಲಿ ಇಡೀ ಡೇಟಾಬೇಸೇ ಹರಿದುಬರಬಹುದು. ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ಕರೆಂಟು, ಲೈನು ಹೋಗುವುದು ಮಾಮೂಲು. ಒಂದು ಊರು ಕಡಿದುಹೋದರೂ ಉಳಿದ ಎರಡು ಬಹುಮತದಲ್ಲಿ ನಡೆಯಲಿ ಎಂದೇ ಮೂರು ಸರ್ವರ್ ಇಟ್ಟಿದ್ದೇವೆ. ಅಂದರೆ ಹಿಂದೆ ಬಿದ್ದು ಮತ್ತೆ ಸೇರುವುದು ನಮ್ಮಲ್ಲಿ ಜಾಸ್ತಿ. ಅಪಾಯವೂ ಅಷ್ಟೇ ಜಾಸ್ತಿ.

ಉಚಿತವಾಗಿ ಸಿಗುವ ಸಾರ್ವಜನಿಕ ಸರ್ಟಿಫಿಕೇಟ್ ಹಾಕಿಕೊಳ್ಳಿ ಎಂಬ ನಿಮ್ಮ ಸಲಹೆಯೂ ನಮಗೆ ಹೊಂದುವುದಿಲ್ಲ. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100 ದಿನ, 2029ರಲ್ಲಿ 47 ದಿನಕ್ಕೆ ಇಳಿಯುತ್ತದೆ. ಪದೇ ಪದೇ ಬದಲಿಸುತ್ತಿರಬೇಕಾಗುತ್ತದೆ. ಇನ್ನೊಂದು ತೊಡಕೂ ಇದೆ. ಕ್ಲಸ್ಟರ್‌ನಲ್ಲಿ ಪ್ರತಿ ಯಂತ್ರವೂ ಸರ್ವರ್ ಹೌದು, ಕ್ಲೈಂಟ್ (ಸಂಪರ್ಕ ಕೇಳುವ ಯಂತ್ರ) ಕೂಡ ಹೌದು. ಸಾರ್ವಜನಿಕ ಸರ್ಟಿಫಿಕೇಟ್‌ಗಳಿಂದ ಕ್ಲೈಂಟ್ ಬಳಕೆಯನ್ನು ತೆಗೆಯುತ್ತಿದ್ದಾರೆ. ಒಳಗಿನ ಕ್ಲಸ್ಟರ್‌ಗೆ ನಮ್ಮದೇ ಸಿಎ ಇರುವುದೇ ಸರಿ.

ಆದ್ದರಿಂದ ಸಂಘಕ್ಕೆ ಒಂದೇ ಸಿಎ ಮಾಡಿ, ಮೂರು ಸರ್ವರ್‌ಗಳಿಗೂ ಅದರಿಂದಲೇ ಸರ್ಟಿಫಿಕೇಟ್ ಕೊಡಿ. ಸಿಎ ಕೀ ನಮ್ಮ ಕೈಗೆ ಬರಬೇಕು, ನಿಮ್ಮವರ ಲ್ಯಾಪ್‌ಟಾಪ್‌ನಲ್ಲಿ ಉಳಿಯಬಾರದು. ಎನ್‌ಕ್ರಿಪ್ಷನ್ ಸೆಟ್ಟಿಂಗನ್ನು ಕ್ಲಸ್ಟರ್ ಓಡುತ್ತಿರುವಾಗ ಬದಲಿಸಲು ಆಗುವುದಿಲ್ಲ. ಮೂರನ್ನೂ ನಿಲ್ಲಿಸಿಯೇ ಮಾಡಬೇಕು. ಹಾಗಾಗಿ ಖರೀದಿ ಇಲ್ಲದ ಭಾನುವಾರ ರಾತ್ರಿಯೇ ಬನ್ನಿ, ಮೊದಲೇ ತಿಳಿಸಿ. ತೆರೆದಿಟ್ಟ ಫೈರ್‌ವಾಲನ್ನು ಮಾತ್ರ ಭಾನುವಾರದವರೆಗೆ ಬಿಡಬೇಡಿ, ಇವತ್ತೇ ಮುಚ್ಚಿ. ಕ್ಲಸ್ಟರ್ ಸರ್ವರ್‌ಗಳು ಮಾತಾಡುವ 4567, 4568, 4444 ಪೋರ್ಟ್‌ಗಳು ನಮ್ಮ ಮೂರು ವಿಳಾಸಗಳಿಗೆ ಮಾತ್ರ ತೆರೆದಿರಲಿ.

8.0ರ ಬೆಂಬಲಕ್ಕೂ 2026ರ ಏಪ್ರಿಲ್ ಕೊನೆಯ ಗಡುವು. 5.7ರಿಂದ ನೇರ 8.4ಕ್ಕೆ ಹೋಗಲು ಆಗದ ಕಾರಣ ಈ ಹೆಜ್ಜೆ ಇಟ್ಟಿದ್ದೇವೆ. 8.4ರಲ್ಲಿ ಹಳೆಯ ನೇಟಿವ್ ಪಾಸ್‌ವರ್ಡ್ ಪ್ಲಗಿನ್ (ಲಾಗಿನ್ ಪರಿಶೀಲಿಸುವ ಹಳೆಯ ವಿಧಾನ) ಮೊದಲಿನಿಂದಲೇ ಆಫ್ ಇರುತ್ತದೆ. ಅಂಥ ಬದಲಾವಣೆಗಳನ್ನೆಲ್ಲ ಓದಿ, ಬೇರೆ ಯಂತ್ರದಲ್ಲಿ ಪ್ರಯೋಗ ಮಾಡಿ ತೋರಿಸಿದ ಮೇಲೆಯೇ ನಮ್ಮ ಸರ್ವರ್ ಮುಟ್ಟಲು ಬಿಡುತ್ತೇವೆ.

ನಡೆದದ್ದನ್ನು ಇದ್ದ ಹಾಗೇ ಬರೆದ ತಿದ್ದಿದ ವರದಿ ಈ ವಾರದೊಳಗೆ ಬರಲಿ. ಎನ್‌ಕ್ರಿಪ್ಷನ್ ಆನ್ ಆಗಿ ನಾವು ಪರೀಕ್ಷಿಸುವವರೆಗೆ ಕೊನೆಯ ಕಂತಿನ ಹಣ ಕೊಡುವುದಿಲ್ಲ.

ಇಂತಿ,
ಕಂಪ್ಯೂಟರ್ ವಿಭಾಗದ ಪರವಾಗಿ,
ಗೋಣಿಕೊಪ್ಪ