ಹನ್ನೆರಡು ಪೆನ್ಸಿಲ್ ಸೆಲ್ಲು

ಡೊಂಬಿವಲಿ,
ಭಾನುವಾರ ರಾತ್ರಿ

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಏನೋ ಹಾರಿಸಿ ಮಾತಾಡಿದೆ. "ಅಪ್ಪ, ಎರಡು ತಿಂಗಳಿಂದ ಆ ಹಳೇ ಆಟಿಕೆ ಕಾರು ಬಿಚ್ಚಿಕೊಂಡು ಕೂತಿದ್ದೀರಂತೆ. ಅದೇ ಮಾಡೆಲ್ ಹೊಸದು ಸಿಗುತ್ತಲ್ಲ, ತರಿಸಿಕೊಂಡರೆ ಆಗ್ತಿರಲಿಲ್ವಾ?" ಅಂದೆ. ನಿನ್ನ ಅಮ್ಮನೂ ಹಿಂದಿನಿಂದ "ಹಾಗೆ ಕೇಳು" ಅಂತ ತಾಳ ಹಾಕಿದಳು. ಊಟದ ಟೇಬಲ್ಲು ಎರಡು ತಿಂಗಳಿಂದ ನನ್ನ ವಶದಲ್ಲಿದೆ, ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಪ್ರಶ್ನೆಯ ನಿಜವಾದ ಉತ್ತರ ಫೋನಿನಲ್ಲಿ ಹೇಳುವಂಥದ್ದಲ್ಲ. ಕೂತು ಬರೆಯೋಣ ಅನ್ನಿಸಿತು.

ಹೊಸದು ಸಿಗುತ್ತೆ, ಹೌದು. ಜಪಾನಿನ ತಮಿಯಾ ಕಂಪನಿ 1984ರಲ್ಲಿ ಬಿಟ್ಟ ನಮ್ಮ ಈ ಗ್ರಾಸ್‌ಹಾಪರ್ ಅನ್ನು 2005ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು, ಅದರ ಅಣ್ಣ ಹಾರ್ನೆಟ್ಟನ್ನು ಅದಕ್ಕೂ ಒಂದು ವರ್ಷ ಮೊದಲೇ. ಹಾಗಾಗಿ ನಮ್ಮ ಹಳೇ ಗಾಡಿಗಳಿಗೆ ಬೇಕಾದ ಎಷ್ಟೋ ಬಿಡಿಭಾಗ ಇವತ್ತಿಗೂ ಸಿಗುತ್ತವೆ. ಆದರೆ ನಮ್ಮ ಮನೆಗೆ ಇದು ಬಂದ ಕಾಲ ಬೇರೆ. ಹಡಗಿನಲ್ಲಿದ್ದ ನನ್ನ ಚಿಕ್ಕಪ್ಪ ಸಿಂಗಾಪುರದಿಂದ ತಂದುಕೊಟ್ಟದ್ದು. ಘಾಟ್‌ಕೋಪರಿನ ನಮ್ಮ ಚಾಳಿನಲ್ಲಿ ಆಗ ಟಿವಿ ಇದ್ದ ಮನೆಗಳೇ ಎಣಿಸಿ ನಾಲ್ಕು. ನಿನ್ನ ಅಜ್ಜ ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಅಂಥ ಮನೆಗೆ ರಿಮೋಟಿನ ಕಾರು! ಅದೂ ಡಬ್ಬಿಯೊಳಗೆ ಬಿಡಿಬಿಡಿಯಾಗಿ, ನಾವೇ ಕೂತು ಜೋಡಿಸಬೇಕು. ಪುಸ್ತಕದಲ್ಲಿದ್ದ ಚಿತ್ರ ನೋಡಿಕೊಂಡು ಒಂದು ವಾರ ಜೋಡಿಸಿದೆ.

ಮಸ್ಕತ್ ಮಾಮನದು ಹಾರ್ನೆಟ್. ಆಗ ಅವನು ಮಸ್ಕತ್ ಮಾಮ ಆಗಿರಲಿಲ್ಲ, ಪಕ್ಕದ ಖೋಲಿಯ ಹುಡುಗ, ಅಷ್ಟೆ. ಅವನ ಅಪ್ಪ ಗಲ್ಫಿನಲ್ಲಿದ್ದರು, ಅಲ್ಲಿಂದ ಬಂತು. ಎರಡೂ ಗಾಡಿಗಳ ಮೈಕಟ್ಟು ಹೆಚ್ಚುಕಮ್ಮಿ ಒಂದೇ, ಮೋಟಾರು ಮಾತ್ರ ಬೇರೆ. ನನ್ನದಕ್ಕೆ ಚಿಕ್ಕ 380, ಅವನದಕ್ಕೆ ದೊಡ್ಡ 540. ಅವನ ಹಿಂದಿನ ಚಕ್ರಕ್ಕೆ ಕುಲುಕಾಟ ತಡೆಯುವ, ಎಣ್ಣೆ ಹಾಕುವ ಡ್ಯಾಂಪರು, ನನ್ನದಕ್ಕೆ ಬರೀ ಸ್ಪ್ರಿಂಗು. ನೆಲದಲ್ಲಿ ಒಂದು ಕಲ್ಲು ಸಿಕ್ಕರೆ ನನ್ನದು ಹೆಸರಿಗೆ ತಕ್ಕ ಹಾಗೆ ಮಿಡತೆ, ಕುಣಿದು ಕುಣಿದು ಓಡೋದು. ಅವನು ಡ್ಯಾಂಪರಿಗೆ ಹಾಕಲು ಸಿಲಿಕೋನ್ ಎಣ್ಣೆ ಸಿಗದೆ ತೆಂಗಿನೆಣ್ಣೆ ಹಾಕಿದ್ದ. ಬೆಳಗಿನ ಚಳಿಗೆ ಅದು ತುಪ್ಪದ ಹಾಗೆ ಗಟ್ಟಿಯಾಗಿ ಹಾರ್ನೆಟ್ಟು ಎತ್ತಿನ ಗಾಡಿಯಾಗುತ್ತಿತ್ತು. ಮೊನ್ನೆ ಆ ಡ್ಯಾಂಪರ್ ಬಿಚ್ಚಿದಾಗ ಕಮಟು ವಾಸನೆ ಬಂತು ಮಾರಾಯ್ತಿ, ಇಬ್ಬರೂ ಹತ್ತು ನಿಮಿಷ ನಕ್ಕೆವು.

ಈಗ ನಿನಗೆ ಗೊತ್ತಿರುವ ವಿಷಯಕ್ಕೆ ಬರುತ್ತೇನೆ, ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿರುವವಳು ತಾನೆ. ಆ ಕಾಲದ ರಿಮೋಟು 27 ಮೆಗಾಹರ್ಟ್ಸ್‌ನದು. ರಿಮೋಟಿನಲ್ಲೊಂದು, ಗಾಡಿಯ ರಿಸೀವರಿನಲ್ಲೊಂದು, ಹೀಗೆ ಯಾವ ತರಂಗ ಅಂತ ಗೊತ್ತುಮಾಡುವ ಜೋಡಿ ಕ್ರಿಸ್ಟಲ್. ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಅಂತ ಆರು ಬಣ್ಣ, ಆರು ದಾರಿ. ಬಣ್ಣ ಒಂದೇ ಆದರೆ ಒಬ್ಬನ ರಿಮೋಟಿಗೆ ಇಬ್ಬರ ಗಾಡಿಯೂ ಕುಣಿಯುತ್ತೆ. ಬೇರೆ ಆದರೆ ಯಾರ ಪಾಡಿಗೆ ಯಾರು. ಅವನದು ಕೆಂಪು, 27.045. ನನ್ನದು ನೀಲಿ, 27.255. ಯಾರದು ಯಾವುದು ಅಂತ ಗೊತ್ತಾಗಲಿ ಅಂತ ಅವನ ಅಮ್ಮ ಬ್ಲೌಸ್ ಪೀಸಿನ ಚೂರು ಕತ್ತರಿಸಿ ಎರಡೂ ಏರಿಯಲ್‌ಗೆ ಕಟ್ಟಿಕೊಟ್ಟಿದ್ದರು. ನನ್ನ ಏರಿಯಲ್‌ನ ನೀಲಿ ಚೂರು ಇವತ್ತಿಗೂ ಇದೆ, ಬಣ್ಣ ಹೋಗಿ ಬೂದಿಯಾಗಿದೆ.

1988ರ ದೀಪಾವಳಿ ರಜೆ. ಚಾಳಿನ ಟೆರೇಸಿನಲ್ಲಿ ನನ್ನ ಗಾಡಿ ಓಡುತ್ತಿತ್ತು. ಅವನು ನೀರಿನ ಟಾಕಿಯ ಮೇಲೆ ಕೂತು ತನ್ನ ಸರದಿಗೆ ಕಾಯುತ್ತಿದ್ದ, ರಿಮೋಟು ಕೈಯಲ್ಲಿ. ನಾನು ಪೂರ್ತಿ ವೇಗ ಕೊಟ್ಟೆ, ಬೆರಳು ಬಿಟ್ಟೆ. ಗಾಡಿ ನಿಲ್ಲಲಿಲ್ಲ. ಬಲಕ್ಕೆ ತಿರುಗಿಸಿದೆ, ತಿರುಗಲಿಲ್ಲ. ಮಳೆನೀರು ಹೋಗಲಿ ಅಂತ ಕಟ್ಟೆ ಒಡೆದಿದ್ದ ಜಾಗದಿಂದ ನೇರವಾಗಿ ಹೊರಗೆ ಹಾರಿ ಎರಡು ಮಾಳಿಗೆ ಕೆಳಗಿದ್ದ ಶೀಟಿನ ಮೇಲೆ ಬಿತ್ತು. ಶೀಟು ಒಡೆಯಿತು. ಕೆಳಗಿನವರು ಕೂಗಾಡಿಕೊಂಡು ಬಂದರು. ಗಲಾಟೆಗೆ ಇಡೀ ಚಾಳು ಸೇರಿತು.

ಆಗ ನಾನು ಹೇಳಿದೆ: "ಇವನು ತನ್ನ ರಿಮೋಟ್ ಆನ್ ಮಾಡಿದ, ಅದಕ್ಕೇ ನನ್ನ ಗಾಡಿ ಹುಚ್ಚಾಯಿತು."

ಕೆಂಪಿಗೂ ನೀಲಿಗೂ ಸಂಬಂಧ ಇಲ್ಲ ಅನ್ನೋದು ನನಗೆ ಗೊತ್ತಿತ್ತು ಪುಟ್ಟೀ. ದೊಡ್ಡವರಿಗೆ ಗೊತ್ತಿರಲಿಲ್ಲ. ರಜೆಗೆ ಬಂದಿದ್ದ ಅವನ ಅಪ್ಪ ಎಲ್ಲರೆದುರು ಅವನಿಗೆ ಬಾರಿಸಿದರು, ಶೀಟಿನ ದುಡ್ಡು ಕೊಟ್ಟರು, ಹಾರ್ನೆಟ್ಟನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅವನು ನನ್ನ ಕಡೆ ಒಮ್ಮೆ ನೋಡಿದ. ಏನೂ ಅನ್ನಲಿಲ್ಲ. ಆಮೇಲೆ ಶಾಲೆಗೆ ಜೊತೆಯಲ್ಲೇ ಹೋಗುತ್ತಿದ್ದೆವು, ಮಾತೂ ಇತ್ತು, ಆದರೆ ಟೆರೇಸಿಗೆ ಮತ್ತೆ ಹತ್ತಲಿಲ್ಲ. ಮರುವರ್ಷ ನಾವು ಡೊಂಬಿವಲಿಗೆ ಬಂದೆವು. ಅವನು ಓದು ಮುಗಿಸಿ ಮಸ್ಕತ್‌ಗೆ ಹೋದ.

ಹೋದ ವರ್ಷ ಅವನು ಕೆಲಸ ಬಿಟ್ಟು ಬಂದು ಮುಲುಂಡಿನಲ್ಲಿ ಮನೆ ಮಾಡಿದ್ದು ನಿನಗೆ ಗೊತ್ತು. ಮಾಟುಂಗದ ಒಂದು ಮದುವೆಯಲ್ಲಿ ಸಿಕ್ಕಿ, ಪಾಯಸದ ಹೊತ್ತಿಗೆ "ನಿನ್ನ ಮಿಡತೆ ಇದೆಯೋ?" ಅಂತ ಕೇಳಿದ. ನೀನು ದೀಪಾವಳಿಗೆ ಅಟ್ಟ ಗುಡಿಸುವಾಗ ಗುಜರಿಯವನಿಗೆ ಹಾಕುತ್ತೇನೆ ಅಂತ ಹೊರಗಿಟ್ಟಿದ್ದೆಯಲ್ಲ, ಅದೇ ಡಬ್ಬಿ. ಸದ್ಯ, ನಾನು ನೋಡಿದೆ.

ಶುರು ಮಾಡಿದ ಮೊದಲ ದಿನವೇ ಒಂದು ಪಾಠ. ಸ್ಟೇಷನ್ ಪಕ್ಕದ ಅಂಗಡಿಯ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ಸ್ಕ್ರೂವಿನ ತಲೆ ಸವೆದು ಹೋಗುತ್ತೆ. ನೋಡಲು ಒಂದೇ ಥರ ಕಂಡರೂ ಜಪಾನಿನ ಸ್ಕ್ರೂಗಳ ತಲೆಯ ಅಳತೆ ಬೇರೆ, ಜೆಐಎಸ್ ಅಂತಾರೆ, ಅದಕ್ಕೆ ಅದರದೇ ಡ್ರೈವರ್ ಬೇಕು. ಎರಡು ಸ್ಕ್ರೂ ಹಾಳು ಮಾಡಿಕೊಂಡ ಮೇಲೆ ಬುದ್ಧಿ ಬಂತು. ಇನ್ನೊಂದನ್ನು ಮಸ್ಕತ್ ಮಾಮ ಕಲಿಸಿದ. ಪ್ಲಾಸ್ಟಿಕ್ಕಿಗೆ ಹಳೆ ಸ್ಕ್ರೂ ವಾಪಸ್ ಹಾಕುವಾಗ ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸಬೇಕು. ಒಂದು ಕಡೆ "ಟಿಕ್" ಅಂತ ಸ್ಕ್ರೂ ಕೆಳಗಿಳಿಯುತ್ತೆ, ಹಳೇ ಗೆರೆ ಸಿಕ್ಕಿತು ಅಂತ ಅರ್ಥ. ಆಮೇಲೆ ಬಲಕ್ಕೆ ಬಿಗಿ ಮಾಡು. ಸೀದಾ ಬಲಕ್ಕೆ ಒತ್ತಿದರೆ ಹೊಸ ಗೆರೆ ಕೊರೆದುಕೊಂಡು ತೂತು ಸಡಿಲವಾಗುತ್ತೆ. ಆ ಟಿಕ್ ಕಿವಿಗಿಂತ ಮೊದಲು ಬೆರಳಿಗೆ ತಿಳಿಯುತ್ತೆ. ನೀನು ಬಂದಾಗ ತೋರಿಸ್ತೇನೆ.

ಚಾಸಿಯ ಬಿರುಕಿಗೆ ಮುರಿದ ತುಂಡನ್ನೇ ಸ್ವಲ್ಪ ಕೆರೆದು ಅಸಿಟೋನ್‌ನಲ್ಲಿ ಕರಗಿಸಿ, ದೋಸೆಹಿಟ್ಟಿನ ಹದಕ್ಕೆ ತಂದು ಒಳಗಡೆಯಿಂದ ಹಚ್ಚಿದೆ. ಮುಂದಿನ ಚಕ್ರ ಹಿಡಿಯುವ ಕೈ ಹೊಸದೇ ಹಾಕಿದೆ. ಬಿಳಿ ಬಾಡಿ ಹಳದಿಯಾಗಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತೆ ಅಂತ ಅವನು ಹಟ ಹಿಡಿದ, ನನಗೆ ಹಿಡಿಸಲಿಲ್ಲ. ನನ್ನ ತಲೆ ಬೆಳ್ಳಗಾಗಿದೆ, ಅದು ಹಳದಿಯಾಗಿದೆ, ಇರಲಿ. ಅವನು ಲಿಪೋ ಬ್ಯಾಟರಿ ತಂದಿದ್ದ, ಅದನ್ನೂ ವಾಪಸ್ ಕಳಿಸಿದೆ. ಈ ಗಾಡಿಯಲ್ಲಿ ವೇಗ ಹೆಚ್ಚುಕಡಿಮೆ ಮಾಡೋದು ಸರ್ವೋ, ಅಂದರೆ ರಿಮೋಟ್ ಹೇಳಿದಷ್ಟು ತಿರುಗುವ ಪುಟ್ಟ ಮೋಟಾರು, ತಳ್ಳುವ ಒಂದು ತಾಮ್ರದ ಕೈ ಮತ್ತು ಕೈಸುಡುವಷ್ಟು ಬಿಸಿಯಾಗುವ ಒಂದು ರೆಸಿಸ್ಟರು. ಬ್ಯಾಟರಿ ಇಳಿಯಿತು ಅಂತ ಕರೆಂಟು ಕಡಿಯುವ ಬುದ್ಧಿ ಅದಕ್ಕಿಲ್ಲ. ಲಿಪೋ ತೀರಾ ಖಾಲಿಯಾದರೆ ಕೆಡುತ್ತೆ, ಊದಿಕೊಳ್ಳಲೂಬಹುದು. 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕೇ ಸಾಕು ಅಂತ ತೀರ್ಮಾನ ಆಯಿತು. ನಿಮ್ಮ ಮೇಷ್ಟ್ರುಗಳು ಒಪ್ಪುತ್ತಾರೋ ಕೇಳು.

ಸುತ್ತಿ ಬಳಸಿ ಹೇಳುತ್ತಿದ್ದೇನೆ ಅಂತ ನಿನಗೆ ಅನ್ನಿಸಿರಬೇಕು. ಹೌದು.

ಮೂರನೇ ವಾರ ಒಬ್ಬನೇ ಕೂತು ರಿಸೀವರ್ ಇದ್ದ ಭಾಗ ಬಿಚ್ಚಿದೆ. ಆಮೇಲಿನ ಗಾಡಿಗಳಲ್ಲಿ ರಿಸೀವರಿಗೂ ಮುಖ್ಯ ಬ್ಯಾಟರಿಯಿಂದಲೇ ಕರೆಂಟು ಹೋಗುತ್ತೆ. ನನ್ನ ಸೆಟ್ಟಿನದಕ್ಕೆ ಬೇರೆ ನಾಲ್ಕು ಪೆನ್ಸಿಲ್ ಸೆಲ್ಲಿನ ಡಬ್ಬಿ. ಬಿದ್ದ ದಿನ ಅಜ್ಜ ಹಾಗೇ ಕಟ್ಟಿ ಮೇಲಿಟ್ಟದ್ದು, ಸೆಲ್ಲು ಯಾರೂ ತೆಗೆದಿರಲಿಲ್ಲ. ನಾಲ್ಕೂ ಒಡೆದು ಬಿಳಿ ಹುಡಿ, ಕಂದು ರಸ ಒಸರಿ, ಸ್ಪ್ರಿಂಗುಗಳು ತುಕ್ಕು ಹಿಡಿದಿದ್ದವು. ಅಡಿಗೆ ಸೋಡಾ ನೀರಿನಲ್ಲಿ ಕಲಸಿ ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿದೆ. ಆ ಕಾಲದ ಪೆನ್ಸಿಲ್ ಸೆಲ್ಲಿನ ರಸ ಆಮ್ಲ, ಅದಕ್ಕೆ ಸೋಡಾ. ಮೋಟಾರಿನ ಹಳೇ ನಿಕ್ಯಾಡ್ ಬ್ಯಾಟರಿ ಪ್ಯಾಕ್ ಸೋರಿದ ಜಾಗಕ್ಕೆ ನಿಂಬೆರಸ, ಅದು ಕ್ಷಾರ. ಅಮ್ಮ ಬಂದು "ಉಪ್ಪಿನಕಾಯಿ ಹಾಕ್ತಿದ್ದೀರಾ?" ಅಂದಳು. ನಾನು ನಗಲಿಲ್ಲ. ನನ್ನ ಕಣ್ಣು ಸೆಲ್ಲುಗಳ ಮೇಲೆಯೇ ಇತ್ತು. ಎರಡು ಒಂದು ಬಣ್ಣದವು, ಉಳಿದೆರಡು ಬೇರೆ ಬಣ್ಣದವು.

ಅಜ್ಜ ನಾಲ್ಕು ಹೊಸ ಸೆಲ್ಲಿಗೆ ದುಡ್ಡು ಕೊಟ್ಟಿದ್ದರು. ನಾನು ಎರಡು ತಂದು, ಉಳಿದ ದುಡ್ಡು ಸ್ಟೇಷನ್ ಹತ್ತಿರದ ವಿಡಿಯೋ ಗೇಮಿನ ಅಂಗಡಿಗೆ ಹಾಕಿ, ಮಿಕ್ಕೆರಡನ್ನು ಗೋಡೆ ಗಡಿಯಾರದಿಂದ ಮತ್ತು ಅಜ್ಜನ ಟ್ರಾನ್ಸಿಸ್ಟರಿನಿಂದ ಕದ್ದಿದ್ದೆ. ಇಷ್ಟು ವರ್ಷ ನೆನಪೇ ಇರಲಿಲ್ಲ ಅಂತ ಬರೆಯಲು ಹೊರಟಿದ್ದೆ. ಸುಳ್ಳು. ನೆನಪಿತ್ತು. ಸೆಲ್ಲು ಸತ್ತರೆ ಸರ್ವೋ ಎಲ್ಲಿತ್ತೋ ಅಲ್ಲೇ ಮರಗಟ್ಟಿ ನಿಲ್ಲುತ್ತೆ. ಪೂರ್ತಿ ವೇಗದಲ್ಲಿದ್ದಾಗ ಸತ್ತರೆ ಪೂರ್ತಿ ವೇಗದಲ್ಲೇ. ಮೋಟಾರಿನ ಬ್ಯಾಟರಿ ಬೇರೆ, ಅದು ಪಾಪ ತಿರುಗುತ್ತಲೇ ಇರುತ್ತೆ. ಇದು ಮಾತ್ರ ನನಗೆ ಅರ್ಥವಾದದ್ದು ಕಾಲೇಜಿನಲ್ಲಿ. ಅರ್ಥವಾದ ದಿನ ಅವನಿಗೆ ಒಂದು ಕಾಗದ ಬರೆಯಬಹುದಿತ್ತು.

ಮುಂದಿನ ಭಾನುವಾರ ಅವನು ಹಾರ್ನೆಟ್ ತಂದ. ತೊಳೆದು ಒರೆಸುವಾಗ ಹಿಂದಿನ ಟಯರು ಕೈಗೆ ಚುಚ್ಚಿತು. ರಬ್ಬರು ಗಟ್ಟಿಯಾಗಿದೆ, ಆದರೆ ಮುಳ್ಳು ಒಂದೂ ಸವೆದಿಲ್ಲ. ನನ್ನ ಗಾಡಿಯ ಟಯರಿನಲ್ಲಿ ಮುಳ್ಳೇ ಉಳಿದಿಲ್ಲ, ಬೋಳು. ಅವನದು ಎಷ್ಟು ದಿನ ಓಡಿತ್ತು ಅಂತ ಲೆಕ್ಕ ಹಾಕಿದೆ. ಬೇಸಿಗೆಗೆ ಬಂದದ್ದು, ದೀಪಾವಳಿಗೆ ಕಪಾಟು ಸೇರಿದ್ದು. ನಡುವೆ ನಾಲ್ಕು ತಿಂಗಳು ಮಳೆ.

ಸೋಡಾ ಹಾಕಿ ತಿಕ್ಕಿದ್ದ ಡಬ್ಬಿ, ಪಕ್ಕದಲ್ಲಿ ಆ ನಾಲ್ಕು ಸೆಲ್ಲು ಪೇಪರಿನ ಮೇಲಿಟ್ಟು ಅವನ ಮುಂದೆ ತಳ್ಳಿದೆ. ಗಡಿಯಾರ, ಟ್ರಾನ್ಸಿಸ್ಟರ್, ವಿಡಿಯೋ ಗೇಮು, ಎಲ್ಲ ಹೇಳಿದೆ. ಕನ್ನಡಕ ಹಣೆಗೇರಿಸಿ ಒಂದೊಂದೇ ಸೆಲ್ಲನ್ನು ಚಿಮುಟದಲ್ಲಿ ಎತ್ತಿ ನೋಡಿದ. ಚಹಾ ಆರಿತು. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡು ಹೊರಟೇಹೋದ. ಅಮ್ಮ ಅಡಿಗೆಮನೆಯಿಂದ ಕಣ್ಣಲ್ಲೇ "ಏನಾಯ್ತು?" ಅಂದಳು. ನಾನು ಏನು ಹೇಳಲಿ.

ಹದಿನೈದು ನಿಮಿಷಕ್ಕೆ ವಾಪಸ್ ಬಂದ. ಕೈಯಲ್ಲಿ ಒಂದು ಡಜನ್ ಪೆನ್ಸಿಲ್ ಸೆಲ್ಲು. ರಿಮೋಟಿಗೆ ಎಂಟು, ರಿಸೀವರಿಗೆ ನಾಲ್ಕು. ಟೇಬಲ್ಲಿನ ಮೇಲೆ ಎಣಿಸಿ ಇಟ್ಟ.

"ನಿನ್ನ ಕೈಗೆ ದುಡ್ಡು ಕೊಟ್ಟರೆ ಮತ್ತೆ ಎರಡೇ ತರ್ತೀಯ ಮಾರಾಯ."

ಅಷ್ಟೇ ಅಂದದ್ದು. ಆ ವಿಷಯ ಮತ್ತೆ ಎತ್ತಿಲ್ಲ. ಒಳಗೆ ಏನಿದೆ ನನಗೆ ತಿಳಿಯದು, ಕೇಳುವ ಹಕ್ಕೂ ನನಗಿಲ್ಲ.

ಇವತ್ತು ಬೆಳಗ್ಗೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆಯ ಖಾಲಿ ಜಾಗದಲ್ಲಿ ಎರಡೂ ಓಡಿದವು. ಅವನಿಗೆ ಜುಹೂ ಬೀಚಿಗೆ ಹೋಗುವ ಆಸೆ, ಉಪ್ಪು ಮರಳು ಬೇರಿಂಗ್ ತಿಂದುಹಾಕುತ್ತೆ ಅಂತ ನಾನು ಬಿಡಲಿಲ್ಲ. 2.4 ಗಿಗಾಹರ್ಟ್ಸ್‌ನ ಹೊಸ ಸೆಟ್ಟು ಹಾಕಬಹುದಿತ್ತು, ಇಬ್ಬರಿಗೂ ಮನಸ್ಸಾಗಲಿಲ್ಲ. ಅದೇ ಕೆಂಪು, ಅದೇ ನೀಲಿ. ಕ್ರಿಕೆಟ್ ಆಡುತ್ತಿದ್ದ ಹುಡುಗರು ಆಟ ಬಿಟ್ಟು ಬಂದು "ಕಾಕಾ, ಕಿತೀಲಾ ಘೇತಲೀ?", ಎಷ್ಟಕ್ಕೆ ತಗೊಂಡ್ರಿ ಅಂತ ಮುತ್ತಿಕೊಂಡರು. ನನ್ನದು ಮೊದಲ ಕಲ್ಲಿಗೇ ಕುಣಿದು ಮಗುಚಿತು. ಹಾರ್ನೆಟ್ಟು ಕೆಂಪು ಧೂಳೆಬ್ಬಿಸಿಕೊಂಡು ಹೋಯಿತು ನೋಡು, ಅವನು ರಿಮೋಟು ಎದೆಗವಚಿಕೊಂಡು ಅದರ ಹಿಂದೆ ಓಡಿದ. ಐವತ್ತು ದಾಟಿದ ಮನುಷ್ಯ, ಮಂಡಿ ನೋವಿನವನು. ಅವನ ಬ್ಯಾಟರಿ ಸತ್ತ ಮೇಲೆ ನಾನು ನನ್ನದನ್ನು ಕೊಟ್ಟೆ, ಅದನ್ನೂ ಖಾಲಿ ಮಾಡಿದ. ಬರುವಾಗ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ಧೂಳು ತೆಗೆದೆವು.

ಒಂದು ಕೆಲಸ ಇದೆ. ಹಾರ್ನೆಟ್ಟಿನ ಹಿಂದಿನ ಟಯರು ಒಂದು ಜೊತೆ ಆರ್ಡರ್ ಮಾಡಿಬಿಡು, ದುಡ್ಡು ನಾನು ಕಳಿಸ್ತೇನೆ. ಈಗಿರುವುದನ್ನು ಮಳೆಗಾಲದೊಳಗೆ ಬೋಳು ಮಾಡಿಬಿಡಬೇಕು ಅಂತ ಹಟ ಹಿಡಿದಿದ್ದಾನೆ. ಮುಂದಿನ ಭಾನುವಾರ ಆರು ಗಂಟೆಗೇ ಬರ್ತಾನಂತೆ.

ನಿನ್ನ
ಅಪ್ಪ