ಹಳೇ ಬ್ರೇಕ್ ಆಯಿಲ್ ತಿರುಗಿ ಹಾಕಬ್ಯಾಡ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ನಾನು ಬೆಳಗಾವಿಯಿಂದ ಗೋವಾಕ್ಕ ಕಾಯಿಪಲ್ಲೆ ಹೊಡಿಯೋ ಪಿಕಪ್ ಡ್ರೈವರ್, ಗಾಡಿ ನಂದ ಐತಿ, 14 ವರ್ಷದ ಹಳೇದು. ರಾತ್ರಿ ಲೋಡ್ ಮಾಡಿ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳದು ನಸುಕಿನ್ಯಾಗ ಸಾಖಳಿ ಮುಟ್ಟಬೇಕು. ಹೋದ ತಿಂಗಳ ಘಾಟ್ ಇಳಿಯೋವಾಗ ಬ್ರೇಕ್ ಪೆಡಲ್ ಮೆತ್ತಗಾತು, ನೋಡನೋಡತಿದ್ದಂಗ ಕೆಳಗ ಕೂತಬಿಟ್ತು. ಸೆಕೆಂಡ್ ಗೇರಿಗೆ ತಂದು, ಹ್ಯಾಂಡ್ ಬ್ರೇಕ್ ಎಳಕೋತ ಗುಡ್ಡದ ಕಡೆ ಮಣ್ಣಿಗೆ ಆನಿಸಿ ನಿಲ್ಲಿಸಿದೆ, ಕೈಕಾಲು ಒಂದ ಸಮ ನಡಗತಿದ್ವು. ಅರ್ಧ ತಾಸು ಬಿಟ್ಟು ಒತ್ತಿ ನೋಡಿದ್ರ ಪೆಡಲ್ ಮತ್ತ ಗಟ್ಟಿ ಆಗಿತ್ತು. ಇಲ್ಲೇ ಮಂದಿ ಮೋಸ ಹೋಗೋದು, ಸರಿ ಆತು ಅಂತ ಮತ್ತ ಇಳೀತಾರ.

ಅದಕ್ಕ 15 ದಿನದ ಹಿಂದ ಒಂದು ಗ್ಯಾರೇಜಿನ್ಯಾಗ ಹಿಂದಿನ ವೀಲ್ ಸಿಲಿಂಡರ್ (ಆಯಿಲ್ ಜೋರಿಗೆ ಚಕ್ರದ ಬ್ರೇಕ್ ಒತ್ತೋ ಭಾಗ) ಕಿಟ್, ಅಂದ್ರ ಅದರ ಒಳಗಿನ ರಬ್ಬರ್ ವಾಷರ್, ಹಾಕಿಸಿದ್ದೆ. ಬ್ರೇಕ್ ಪೈಪಿನ್ಯಾಗ ಸಿಕ್ಕ ಗಾಳಿ, ಅಂದ್ರ ಏರ್, ತೆಗೆಯೋವಾಗ ಬಾಟ್ಲಿಗೆ ಬಿದ್ದ ಕರೀ ಆಯಿಲ್‌ನ ತಿರುಗಿ ಮ್ಯಾಲಿನ ಬ್ರೇಕ್ ಆಯಿಲ್ ಡಬ್ಬಿಗೆ ಸುರುವಿದ್ರು. ನಾ ಕಣ್ಣಾರೆ ನೋಡಿದೆ, ಲೋಡಿಗೆ ಲೇಟ್ ಆಗೇತಿ ಅಂತ ಸುಮ್ಮನಿದ್ದೆ, ತಪ್ಪು ನಂದೂ ಐತಿ.

ಬ್ರೇಕ್ ಆಯಿಲ್ ಗಾಳ್ಯಾಗಿನ ನೀರು ಕುಡಿತೈತ್ರಿ. ಹೊಸಾ ಡಾಟ್ 3 ಅನ್ನೋ ದರ್ಜೆ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ತನಕ ಕುದಿಯಂಗಿಲ್ಲ, ಅದ ಆಯಿಲ್ ಹಳೇದಾಗಿ ಸುಮಾರು 4 ಪರ್ಸೆಂಟ್ ನೀರು ಸೇರಿತಂದ್ರ 140ರ ಹತ್ರಾನ ಕುದೀತೈತಿ. ಘಾಟಿನ್ಯಾಗ ಕಾಲು ತೆಗೀದ ಬ್ರೇಕ್ ಹಿಡದ್ರ ಚಕ್ರದಾಗಿನ ಬ್ರೇಕ್ ಡ್ರಮ್ ಕಾದು ಆ ಕಾವು ವೀಲ್ ಸಿಲಿಂಡರಿಗೆ ಹತ್ತತೈತಿ, ಒಳಗ ಆವಿ ಗುಳ್ಳಿ ಏಳತಾವ, ನಾವು ಒತ್ತಿದ ಜೋರೆಲ್ಲಾ ಗುಳ್ಳಿ ಅದುಮೋದಕ್ಕ ಹೋಗತೈತಿ, ಚಕ್ರಕ್ಕ ಮುಟ್ಟಂಗಿಲ್ಲ. ಆರಿದ ಮ್ಯಾಲೆ ಗುಳ್ಳಿ ಮತ್ತ ನೀರಾಗತೈತಿ, ಪೆಡಲ್ ಗಟ್ಟಿ ಅನಸತೈತಿ.

ಬೆಳಗಾವಿಗೆ ಬಂದು ಡ್ರಮ್ ಬಿಚ್ಚಿದ್ರ ಎಡಗಡೆ ಸಿಲಿಂಡರ್ ಇನ್ನೂ ಸೋರತಿತ್ತು, ಒಳಗ ತುಕ್ಕಿನ ಕುಳಿ ಬಿದ್ದಿದ್ವು, ಅಂಥಾದ್ರಾಗ ಬರೇ ಹೊಸಾ ವಾಷರ್ ಹಾಕಿದ್ರ ಏನ್ ನಿಲ್ಲತೈತ್ರಿ. ಆಯಿಲ್ ಕುಡದ ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸೋ ಪಟ್ಟಿ) ಪೆಟ್ರೋಲಿನ್ಯಾಗ ತೊಳದ್ರೂ ನಂಬಿಕಿ ಇಲ್ಲ. ಎರಡೂ ಕಡೆ ಸಿಲಿಂಡರ್, ಲೈನರ್ ಹೊಸಾವು ಹಾಕಿಸಿದೆ, ಒಂದ ಕಡೆ ಹಾಕಿದ್ರ ಗಾಡಿ ಎಳೀತೈತಿ.

ಆಮ್ಯಾಲೆ ಏರ್ ತೆಗದಿದ್ದು ನಾನು, ನನ್ನ ಮಗ, ಕೂಡಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಬಲಗಡೆ ಐತಿ, ಅದಕ್ಕ ಎಲ್ಲಕ್ಕಿಂತ ದೂರದ ಹಿಂದಿನ ಎಡಗಡೆ ಚಕ್ರ ಮೊದಲ, ಆಮ್ಯಾಲೆ ಹಿಂದಿನ ಬಲಗಡೆ, ಮುಂದಿನ ಎಡಗಡೆ, ಕಡೀಕ ಮುಂದಿನ ಬಲಗಡೆ. ಚಕ್ರದ ಹತ್ರ ಇರೋ ಏರ್ ಬಿಡೋ ನಿಪ್ಪಲಿಗೆ ಬಿಳೀ ಪೈಪ್ ಹಾಕಿ ಇನ್ನೊಂದು ತುದಿ ಆಯಿಲ್ ಇದ್ದ ಬಾಟ್ಲ್ಯಾಗ ಮುಳಗಿಸಿಟ್ವಿ. "ಒತ್ತಿ ಹಿಡಿ ತಮ್ಮಾ" ಅನ್ನೋದು, ನಿಪ್ಪಲ್ ಸಡ್ಲ ಮಾಡೋದು, ಗುಳ್ಳಿ ಬಂದ ಕೂಡ್ಲೇ ಟೈಟ್ ಮಾಡಿ ಆಮ್ಯಾಲ "ಬಿಡು" ಅನ್ನೋದು. ಟೈಟ್ ಮಾಡೂಕಿಂತ ಮೊದಲ ಕಾಲು ಎತ್ತಿದ್ರ ಗಾಳಿ ತಿರುಗಿ ಒಳಗ ಹೋಗತೈತಿ. ಹಳೇ ಗಾಡಿ ಪೆಡಲ್ ಪೂರ್ತಿ ತಳಕ್ಕ ಒತ್ತಬಾರದ್ರಿ, ಮಾಸ್ಟರ್ ಸಿಲಿಂಡರ್ ಒಳಗ ದಿನಾ ಓಡದ ಜಾಗಾದಾಗ ತುಕ್ಕು ಇರತೈತಿ, ವಾಷರ್ ಹರೀತೈತಿ, ನಾನು ಪೆಡಲ್ ಕೆಳಗ ಕಟಗಿ ತುಂಡು ಇಟ್ಟಿದ್ದೆ. ಡಬ್ಬಿ ಖಾಲಿ ಆಗಾಕ ಬಿಡಬ್ಯಾಡ್ರಿ, ಮೊದಲಿಂದ ಶುರು ಮಾಡಬೇಕಾಗತೈತಿ. ಕರೀ ಆಯಿಲ್ ಹೋಗಿ ಜೇನಿನ ಬಣ್ಣದ್ದು ಬರೋ ತನಕ ಬಿಡಲಿಲ್ಲ, ಹೆಚ್ಚುಕಡಿಮಿ ಒಂದು ಲೀಟರ್ ಹೋತು.

ಕೆಲವರು ಅರ್ಜೆಂಟ್ ಅಂತ ಇಂಜಿನ್ ಆಯಿಲ್ ಹಾಕ್ತಾರ. ಅದು ಹಾಕಿದ್ರ ರಬ್ಬರ್ ಉಬ್ಬಿ ಎಲ್ಲಾ ವಾಷರ್ ಕೆಟ್ಟಹೋಗತಾವ್ರಿ, ದಯವಿಟ್ಟು ಹಾಕಬ್ಯಾಡ್ರಿ.

ಗ್ಯಾರೇಜ್ ಅಣ್ಣಾವರಿಗೆ ನನ್ನ ಕೇಳಿಕಿ ಇಷ್ಟ. ಇಂಜಿನ್ ಆಯಿಲ್ ಬದಲಿ ಮಾಡಿದಾಗ ಕಿಲೋಮೀಟರ್ ಬರದ ಚೀಟಿ ಅಂಟಸ್ತೀರಿ, ಹಂಗ ಬ್ರೇಕ್ ಆಯಿಲ್ ಡಬ್ಬಿ ಮ್ಯಾಲೂ ಹಾಕಿದ ತಾರೀಖು ಬರೀರಿ, ಎರಡು ವರ್ಷ ಆದ್ರ ಬದಲಿ ಮಾಡೂದ ಬೇಕು ಅಂತ ಗಾಡಿ ಮಾಲಕರಿಗೆ ಹೇಳ್ರಿ. ಗೋವಾ ಲೈನ್ ಹೊಡಿಯೋ ಡ್ರೈವರ್‌ಗೋಳು ಈ ಸಲ ಘಾಟ್ ಇಳಿಯೂಕಿಂತ ಮೊದಲ ಡಬ್ಬಿ ಮುಚ್ಚಳ ತೆಗದು ಆಯಿಲ್ ಬಣ್ಣ ನೋಡ್ರಿ.

ಪಿಕಪ್ ಚಾಲಕ, ಬೆಳಗಾವಿ